ಹಿಮ ಕಳೆದ ಮೇಲೆ ನೆಡಿ

ರನ್ನರ್ ಬೀನ್ಸ್ ಬೀಜದ ಪೊಟ್ಟಣದ ಹಿಂದೆ ಹಾಗಂತಲೇ ಅಚ್ಚಾಗಿತ್ತು. ಏಪ್ರಿಲ್ ಕೊನೆಗೆ ಮನೆಯೊಳಗೆ ಕುಂಡದಲ್ಲಿ ಬಿತ್ತಿ. ಮೇ ಕೊನೆ ಇಲ್ಲವೇ ಜೂನ್ ಮೊದಲ ವಾರ, ಕೊನೆಯ ಹಿಮ ಕಳೆದ ಮೇಲೆ ಹೊರಗೆ ನೆಡಿ. ಪೊಟ್ಟಣ ಕೊರಿಯರಿನಲ್ಲಿ ಬಂದದ್ದು ಬೆಂಗಳೂರಿನಿಂದ. ಬೆಲೆ ರೂಪಾಯಿಯಲ್ಲಿತ್ತು, ಸಹಾಯವಾಣಿ ನಂಬರೂ ನಮ್ಮ ದೇಶದ್ದೇ. ಸೂಚನೆ ಮಾತ್ರ ಯಾವುದೋ ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕದಿಂದ ಎತ್ತಿ ಅಂಟಿಸಿದ್ದು. ಅದು ನನಗೆ ಹೊಳೆದದ್ದು ಬಹಳ ಆಮೇಲೆ.

ಅವತ್ತು ಅದನ್ನು ಕನ್ನಡ ಮಾಡಿ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಒಲೆಯ ಮುಂದಿನಿಂದಲೇ, "ಯಾವ ಹಿಮ? ಮಂಜು ಅಂತ ಇರಬೇಕು, ಸರಿಯಾಗಿ ಓದು" ಅಂದರು.

"ಮಂಜಲ್ಲ ಅತ್ತೆ, ಹಿಮ. ಚಳಿಗೆ ಹುಲ್ಲಿನ ಮೇಲೆ ಬೆಳ್ಳಗೆ ಕಟ್ಟುತ್ತಲ್ಲ, ಅದು."

"ಅದೆಲ್ಲ ನಮ್ಮಲ್ಲೆಲ್ಲಿದೆ? ಮಂಜು ಕಳೆದ ಮೇಲೆ ಅಂದ್ರೆ ಕಕ್ಕಡ ಮುಗೀಲಿ, ಆಮೇಲೆ ಹಾಕು."

ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು, ಜೋರು ಮಳೆಯ ಕಾಲ. ನಾನು ನಕ್ಕುಬಿಟ್ಟೆ. ಇದು 2022ರ ಏಪ್ರಿಲ್ ಮಾತು. ತಪ್ಪಾಗಿ ಓದಿದ್ದು ಅವರಲ್ಲ, ನಾನು ಅಂತ ಗೊತ್ತಾಗಲು ಮೂರು ವರ್ಷ ಹಿಡಿಯಿತು.

ನಮ್ಮ ಮನೆ ಇರುವುದು ಮಡಿಕೇರಿಯಿಂದ ಮಕ್ಕಂದೂರು ದಾಟಿ, ಡಾಂಬರು ರಸ್ತೆ ಬಿಟ್ಟು ಸ್ವಲ್ಪ ಒಳಕ್ಕೆ. ಮೂರೂವರೆ ಎಕರೆ ಕಾಫಿ, ನಡುನಡುವೆ ಮರಗಳಿಗೆ ಹಬ್ಬಿದ ಕರಿಮೆಣಸು. ಅಡುಗೆಮನೆಯ ಹಿಂದೆ ಇಳಿಜಾರನ್ನು ಎರಡು ಮೆಟ್ಟಿಲಾಗಿ ಕಡಿದ ಜಾಗವೇ ನನ್ನ ಹಿತ್ತಲು. ಕಾಫಿಯ ವ್ಯವಹಾರವೆಲ್ಲ ಇವರದು, ಹಿತ್ತಲು ಮಾತ್ರ ನನ್ನ ಸ್ವಂತ ಸಂಸ್ಥಾನ. ಒಮ್ಮೆ ಊಟಿಗೆ ಹೋದಾಗ ಒಂದು ಮನೆಯ ಬೇಲಿ ತುಂಬ ಕಡುಗೆಂಪು ಹೂ ಬಿಟ್ಟ ಬಳ್ಳಿ ಕಂಡಿದ್ದೆ. ಇದ್ಯಾವ ಹೂವಿನ ಬಳ್ಳಿ ಅಂತ ಕೇಳಿದರೆ, "ಹೂವಲ್ಲ ಮೇಡಂ, ಬೀನ್ಸ್" ಅಂದರು. ಅಂದಿನಿಂದ ಹಿಡಿದ ಹುಚ್ಚು ಇದು.

ಸಂತೆಯಲ್ಲಿ ನಾವು ಬೀನ್ಸ್ ಅಂತ ಕೊಳ್ಳುವುದು, ಮೈಸೂರಿನವರು ಹುರುಳಿಕಾಯಿ ಅನ್ನುವುದು, ಹಳಬರು ತಿಂಗಳವರೆ ಅನ್ನುವುದು ಬೇರೆ. ರನ್ನರ್ ಬೀನ್ಸ್ ಅದಕ್ಕೆ ದೊಡ್ಡಪ್ಪನ ಮಗನಿದ್ದ ಹಾಗೆ: ವಂಶ ಒಂದೇ, ಮನೆ ಬೇರೆ, ಮೈಕಟ್ಟೂ ಬೇರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಫ್ಯಾಸಿಯೋಲಸ್ ಕಾಕ್ಸಿನಿಯಸ್, ಕಾಕ್ಸಿನಿಯಸ್ ಅಂದರೆ ಕಡುಗೆಂಪು. ಮೂಲ ಊರು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ತಂಪು ಬೆಟ್ಟಗಳು. 17ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಹೋದಾಗ ಅಲ್ಲಿಯವರೂ ಮೊದಲು ಹೂವಿನ ಆಸೆಗೇ ಬೆಳೆಸಿದ್ದು, ಕಾಯಿ ತಿನ್ನಲು ಶುರು ಮಾಡಿದ್ದು ಆಮೇಲೆ. ಈಗ ಅಲ್ಲಿನ ಹಿತ್ತಲುಗಳಲ್ಲಿ ನಮ್ಮ ಚಪ್ಪರದ ಅವರೆಗೆ ಇರುವಂಥ ಜಾಗ ಅದಕ್ಕಿದೆ. ಕಾಳು ನೋಡಲೇ ಚೆಂದ. ಅವರೆಕಾಳಿನ ಎರಡರಷ್ಟು ದಪ್ಪ, ಗುಲಾಬಿ ಮಿಶ್ರಿತ ನೇರಳೆ ಮೈ, ಅದರ ಮೇಲೆ ಮಸಿ ಕುಡಿಕೆ ಚೆಲ್ಲಿದ ಹಾಗೆ ಕಪ್ಪು ಕಲೆ. ಹನ್ನೆರಡು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಅರ್ಧ ಗಂಟೆ ಕೂತಿದ್ದೆ. ಪೊಟ್ಟಣದಲ್ಲಿದ್ದದ್ದೇ ಹನ್ನೆರಡು.

ಮೊದಲನೇ ತಪ್ಪು ಮೊಳಕೆಯಲ್ಲೇ ಆಯಿತು. ಕಾಫಿ ಸಸಿಗೆಂದು ತಂದಿಟ್ಟಿದ್ದ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು, ಗೊಬ್ಬರ, ಸ್ವಲ್ಪ ಮರಳು ಸೇರಿಸಿ ತುಂಬಿ, ಎರಡು ಇಂಚು ಆಳಕ್ಕೆ ಒಂದೊಂದು ಕಾಳು ಊರಿದೆ. ಕಾಫಿ ಬೀಜ ಮೊಳೆಯುವುದನ್ನು ಕಂಡವರಿಗೆ ಗೊತ್ತು, ಬೀಜವನ್ನೇ ತಲೆಯ ಮೇಲೆ ಹೊತ್ತುಕೊಂಡು ಅದು ಮೇಲೇಳುತ್ತದೆ. ತೋಟದಲ್ಲಿ ಅದಕ್ಕೆ ಟೋಪಿ ಗಿಡ ಅನ್ನುವುದು ಇದಕ್ಕೇ. ಮಾಮೂಲಿ ಬೀನ್ಸೂ ಅಷ್ಟೇ, ಕಾಳಿನ ಎರಡು ಹೋಳನ್ನು ಮೇಲೆತ್ತಿ ಹಿಡಿದೇ ಹುಟ್ಟುತ್ತದೆ. ನಾನೂ ಟೋಪಿ ಕಾಣಲಿ ಅಂತ ಕಾದೆ. ಎಂಟು ದಿನ, ಹತ್ತು ದಿನ. ಒಂದು ತೊಟ್ಟೆಯಲ್ಲಿ ಬರಿಯ ದಾರದಂಥದ್ದೊಂದು ಬಾಗಿ ಬಂದಿತ್ತು. ಟೋಪಿ ಇಲ್ಲ. ಯಾವುದೋ ಕಳೆ ಅಂತ ಬೆರಳಲ್ಲಿ ಕಿತ್ತೆ. ಕಿತ್ತ ಮೇಲೆ ನೋಡಿದರೆ ಬುಡದಲ್ಲಿ ದಪ್ಪ ಕಾಳು ಹಾಗೇ ಅಂಟಿಕೊಂಡಿದೆ, ಮಣ್ಣು ಮೆತ್ತಿಕೊಂಡು. ರನ್ನರ್ ಬೀನ್ಸ್ ತನ್ನ ಕಾಳನ್ನು ನೆಲದೊಳಗೇ ಬಿಟ್ಟು ಬರಿ ಚಿಗುರನ್ನಷ್ಟೇ ಮೇಲೆ ಕಳಿಸುತ್ತದೆ ಅನ್ನುವುದನ್ನು ನಾನು ಕಲಿತದ್ದು ಹೀಗೆ, ಹನ್ನೆರಡರಲ್ಲಿ ಒಂದನ್ನು ಕೊಂದು.

ಈ ಗುಣದಿಂದ ಒಂದು ಉಪಕಾರವೂ ಇದೆ. ಬಸವನಹುಳ ಬಂದು ಚಿಗುರನ್ನು ಬುಡದವರೆಗೆ ಮೇಯ್ದು ಹೋದರೂ ನೆಲದಡಿ ಉಳಿದ ಕಾಳಿನ ಕಂಕುಳಿಂದ ಇನ್ನೊಂದು ಚಿಗುರು ಬರಬಹುದು. ಮಾಮೂಲಿ ಬೀನ್ಸಿಗೆ ತಲೆ ಹೋದರೆ ಕಥೆ ಮುಗಿಯಿತು. ಶನಿವಾರಸಂತೆ ಕಡೆ ಕಾಫಿ ತೋಟಗಳಿಗೆ ಆಫ್ರಿಕಾದ ದೈತ್ಯ ಬಸವನಹುಳ ಬಿದ್ದು ಜನ ಬಕೆಟ್‌ಗಟ್ಟಲೆ ಆರಿಸಿದ್ದನ್ನು ಕೇಳಿದವರಿಗೆ ಇದು ಸಣ್ಣ ಮಾತಲ್ಲ.

ಹನ್ನೊಂದು ಸಸಿ ಉಳಿಯಿತು. ಸೂಚನೆಯಂತೆ ಮೇ ಕೊನೆಯ ವಾರ ನೆಟ್ಟೆ. ಆಗ ಅದು ತಪ್ಪು ಅನ್ನಿಸಲೂ ಇಲ್ಲ. ಯಾಕೆಂದರೆ ನಮ್ಮಲ್ಲಿ ಎಲ್ಲರೂ ಹಿತ್ತಲಿಗೆ ಕೈ ಹಾಕುವುದು ಅದೇ ಹೊತ್ತಿಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುತ್ತಾರೆ. ಮುಂಗಾರಿಗೆ ಮೊದಲಿನ ಆ ನಾಲ್ಕು ಮಳೆಗೆ ಸೌತೆ, ಹೀರೆ, ಬೆಂಡೆ ಎಲ್ಲ ಊರಿ ಮುಗಿಸುತ್ತಾರೆ. ಇಂಗ್ಲೆಂಡಿನ ಪುಸ್ತಕ, ಕೊಡಗಿನ ಅಭ್ಯಾಸ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತು ಹೇಳುತ್ತಿರುವಾಗ ಅನುಮಾನ ಯಾಕೆ ಬರಬೇಕು? ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 29ಕ್ಕೆ. ಅಂದರೆ ಹಿಮ ಕಳೆಯಿತು, ಇನ್ನು ಭಯವಿಲ್ಲ ಅಂತ ಇಂಗ್ಲೆಂಡಿನವರು ಸಸಿಯನ್ನು ಹೊರಗಿಡುವ ವಾರವೇ ನಮ್ಮಲ್ಲಿ ಬಾಗಿಲು ಹಾಕುವ ವಾರ.

ಬಳ್ಳಿ ಹಬ್ಬಲು ಎಂಟಡಿ ಎತ್ತರದ ಆಸರೆ ಬೇಕು. ಇವರು ತೋಟದಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮಾಡಿಸುತ್ತಿದ್ದರು. ನಾನು ಹಾಲುವಾಣದ ನೆಟ್ಟಗಿನ ಕೊಂಬೆಗಳನ್ನು ಆರಿಸಿ ಹನ್ನೊಂದು ಗೂಟ ಹೊಡೆಸಿದೆ. ಕೆಲಸಕ್ಕೆ ಬರುವ ಅಕ್ಕ, "ಹಸಿ ಗೂಟ ಬೇಡಮ್ಮ, ಒಣಗಿದ್ದು ಹಾಕಿ" ಅಂದಳು. ಕೇಳಲಿಲ್ಲ.

ಜೂನ್ ಪೂರ್ತಿ ಬಳ್ಳಿ ಓಡಿದ್ದೇ ಓಡಿದ್ದು. ದಿನಕ್ಕೆ ಒಂದು ಗೇಣು ಅನ್ನಿಸುವಷ್ಟು. ಫೋಟೋ ತೆಗೆದು ತಂಗಿಗೆ ಕಳಿಸಿದ್ದೇನೆ, ಈಗಲೂ ಫೋನಿನಲ್ಲಿದೆ. ಜುಲೈ ಎರಡನೇ ವಾರ ಮೊದಲ ಹೂಗೊಂಚಲು ಬಂತು. ಆಮೇಲೆ ಸೂರ್ಯ ಕಾಣಲಿಲ್ಲ. ಪುನರ್ವಸು, ಪುಷ್ಯ ಎರಡೂ ಒಂದೇ ಮಳೆಯಾಗಿ ಸುರಿದವು. ಹೂ ಅರಳಿದ ಮಾರನೆಯ ದಿನ ನೆಲದ ಮೇಲಿರುತ್ತಿತ್ತು. ಈ ಹೂವಿಗೆ ಜೇನೋ ದುಂಬಿಯೋ ಬಂದು ಎಸಳನ್ನು ಒತ್ತಿ ಕೂರಬೇಕು, ಆಗಲೇ ಒಳಗಿನ ಭಾಗ ಹೊರಗೆ ಚಾಚಿ ಪರಾಗ ಹತ್ತುವುದು. ಅಂಥ ಮಳೆಯಲ್ಲಿ ಯಾವ ತುಡುವೆ ಜೇನು ಗೂಡು ಬಿಟ್ಟು ಬರುತ್ತದೆ? ಎಲೆಯ ಅಡಿ ತುಕ್ಕು ಹಿಡಿದ ಹಾಗೆ ಚುಕ್ಕೆ ಬಂತು, ಬುಡ ಮೆತ್ತಗಾಯಿತು. ಕಕ್ಕಡ ಹದಿನೆಂಟಕ್ಕೆ, ಅಂದರೆ ಮದ್ದುಸೊಪ್ಪಿನ ಪಾಯಸ ಮಾಡುವ ದಿನಕ್ಕೆ, ಸೊಪ್ಪು ತರಲು ಹಿತ್ತಲಿಗೆ ಇಳಿದಾಗ ನೋಡಿದರೆ ಹನ್ನೊಂದು ಬಳ್ಳಿಯೂ ಕರಗಿ ಗೂಟಕ್ಕೆ ಕಪ್ಪು ದಾರ ಸುತ್ತಿದ ಹಾಗೆ ಅಂಟಿದ್ದವು. ಗೂಟಗಳು ಮಾತ್ರ ಚಿಗುರಿದ್ದವು. ಪ್ರತಿಯೊಂದರ ತುದಿಯಲ್ಲಿ ಮೂರೆಲೆಯ ಹಸಿರು ಗೊಂಚಲು. ಅಕ್ಕ ಏನೂ ಹೇಳಲಿಲ್ಲ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿದಳು.

ಒಂದೇ ಒಂದು ಕಾಯಿ ಬಲಿತು ಅದರಲ್ಲಿ ಮೂರು ಕಾಳಿದ್ದವು. ಉಳಿದದ್ದಕ್ಕೆ ಮತ್ತೆ ಪೊಟ್ಟಣ ತರಿಸಿದೆ.

ಎರಡನೇ ಸಲ ಬುದ್ಧಿ ಉಪಯೋಗಿಸಿದೆ ಅಂದುಕೊಂಡೆ. ಮಳೆ ಶತ್ರು ಅಂತಾದರೆ ಮಳೆಗೆ ಮೊದಲೇ ಮುಗಿಸಿಬಿಡೋಣ ಅಂತ 2023ರ ಫೆಬ್ರವರಿಯಲ್ಲಿ ನೇರ ನೆಲಕ್ಕೇ ಊರಿದೆ. ಇದರಲ್ಲೂ ಅರ್ಥವಿಲ್ಲದೆ ಇಲ್ಲ. ಶನಿವಾರಸಂತೆ ಸುತ್ತ ಗದ್ದೆ ಕೊಯ್ಲಾದ ಮೇಲೆ ಕೆರೆ ನೀರು ಕಟ್ಟಿ ಹಸಿಮೆಣಸಿನಕಾಯಿ, ಬೀನ್ಸ್ ಬೆಳೆಯುವುದು ಬೇಸಿಗೆಗೇ. ಆದರೆ ಅವರು ಬೆಳೆಯುವುದು ಮಾಮೂಲಿ ಬೀನ್ಸ್. ರನ್ನರ್ ಬೀನ್ಸಿಗೆ ತಂಪು ಬೇಕು. ಗಿಡ ಸೆಕೆಯನ್ನು ತಡೆದುಕೊಳ್ಳುತ್ತದೆ, ಹೂ ತಡೆಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿಯೂ ಬಿಸಿಲು 30 ಡಿಗ್ರಿಯ ಹತ್ತಿರ ಹೋಗುತ್ತದೆ, ಗಾಳಿ ಒಣಗಿರುತ್ತದೆ. ಗೊಂಚಲು ಗೊಂಚಲು ಹೂ ಬಿಟ್ಟಿತು, ತೊಟ್ಟು ಹಳದಿಯಾಗಿ ಉದುರಿತು. ಬುಡಕ್ಕೆ ಒಣ ಎಲೆ ಹೊದಿಸಿ ಸಂಜೆ ಸಂಜೆ ನೀರು ಹುಯ್ದೆ. ಮೇ ತಿಂಗಳ ಗುಡುಗು ಮಳೆ ಬಂದು ರಾತ್ರಿ ತಂಪಾದ ಮೇಲೆ ಕಾಯಿ ಕಚ್ಚಿತು. ಮೂರು ಸಲ ಪಲ್ಯಕ್ಕೆ ಆಗುವಷ್ಟು ಸಿಕ್ಕಿತು ಅನ್ನಿ. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ, ಒಂದು ವಾರ ತಡ. ಆ ವಾರವೇ ನನಗೆ ಎರಡು ಪಲ್ಯ ಕೊಟ್ಟದ್ದು.

ರುಚಿಯ ಬಗ್ಗೆ ಒಂದು ಮಾತು. ಗೇಣುದ್ದದ ಕಾಯಿ, ಒಳಗಿನ ಕಾಳು ಉಬ್ಬುವ ಮೊದಲೇ ಕೊಯ್ಯಬೇಕು, ಮುರಿದರೆ ಟಕ್ ಅನ್ನಬೇಕು. ಎರಡು ದಿನ ತಡವಾದರೆ ಅಂಚಿನ ನಾರು ಹಗ್ಗವಾಗುತ್ತದೆ. ಓರೆಯಾಗಿ ಸಣ್ಣಗೆ ಹೆಚ್ಚಿ, ಸಾಸಿವೆ ಒಣಮೆಣಸು ಒಗ್ಗರಣೆಯಲ್ಲಿ ಬೇಯಿಸಿ ತೆಂಗಿನತುರಿ ಉದುರಿಸಿದರೆ ಅಕ್ಕಿ ರೊಟ್ಟಿಗೆ ಬೇರೇನೂ ಬೇಡ. ಮಾಮೂಲಿ ಬೀನ್ಸಿಗಿಂತ ಸ್ವಲ್ಪ ಒರಟು, ಅವರೆಯ ಕಡೆಗೆ ವಾಲುವ ರುಚಿ. ಬಲಿತ ಕಾಳನ್ನೂ ಸಾರು ಮಾಡಬಹುದು, ಆದರೆ ಹಸಿಯಾಗಿ, ಅರೆಬೆಂದದ್ದಾಗಿ ಬಾಯಿಗೆ ಹಾಕಬಾರದು. ರಾಜ್ಮಾದಲ್ಲಿರುವ ಹಾಗೆ ಇದರಲ್ಲೂ ಹೊಟ್ಟೆ ಕೆಡಿಸುವ ವಿಷಾಂಶವಿದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಬೇಕು. ಪ್ರೆಶರ್ ಕುಕ್ಕರ್ ಇದ್ದವರಿಗೆ ಚಿಂತೆಯಿಲ್ಲ.

ಇಷ್ಟೆಲ್ಲ ಆಗುವಾಗಲೂ ನಾನು ಹುಡುಕುತ್ತಿದ್ದದ್ದು ಒಂದು ತಾರೀಖನ್ನು. ಪೊಟ್ಟಣದವರ ತಾರೀಖು ತಪ್ಪಾದರೆ ಸರಿಯಾದದ್ದು ಇನ್ನೊಂದು ಇರಬೇಕಲ್ಲ ಅಂತ. ತಲೆ ತಿರುಗಿಸಿದ್ದು ಪಕ್ಕದ ತೋಟದ ಅಜ್ಜ.

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯುವ ಡಬ್ಬಿ ಇರುವುದು ಗೊತ್ತಿರುವ ಸಂಗತಿಯೇ. ಎದುರು ಸಿಕ್ಕವರು ಊಟ ಆಯಿತಾ ಅಂತ ಕೇಳುವ ಮೊದಲು ನಿಮ್ಮಲ್ಲಿ ಎಷ್ಟಾಯಿತು ಅಂತ ಕೇಳುತ್ತಾರೆ. ಉತ್ತರ ಮಿಲಿಮೀಟರಿನಲ್ಲಿ ಬರುವುದಿಲ್ಲ. ಎರಡು ಇಂಚು ನಲವತ್ತು ಸೆಂಟ್, ಹೀಗೆ. ಇಂಚಿನ ನೂರರಲ್ಲಿ ಒಂದು ಭಾಗ ಒಂದು ಸೆಂಟ್. ಅಜ್ಜನ ಹತ್ತಿರ ಮಳೆ ಬರೆದಿಟ್ಟ ಉದ್ದನೆಯ ಪುಸ್ತಕಗಳು ಕಪಾಟಿನ ತುಂಬ ಇವೆ. ದಿನಕ್ಕೊಂದು ಸಾಲು, ಬೆಳಗ್ಗೆ ಎಂಟಕ್ಕೆ ಅಳೆದದ್ದು, ಎಲ್ಲ ಅವರದೇ ಅಕ್ಷರ. 2023ರ ಜುಲೈ ಕೊನೆಗೆ ನಾನು ಕಷ್ಟ ಹೇಳಿಕೊಂಡಾಗ ಅವರು, "ಕುಂಞಿ, ನಿನಗೆ ಬೀನ್ಸ್ ಯಾವಾಗ ಹಾಕಬೇಕು ಅಂತ ಗೊತ್ತಾಗಬೇಕೋ, ಯಾವಾಗ ಹೂ ಬಿಡಬೇಕು ಅಂತ ಗೊತ್ತಾಗಬೇಕೋ?" ಅಂದರು.

"ಎರಡೂ ಒಂದೇ ಅಲ್ವಾ ಅಜ್ಜ?"

"ಅಲ್ಲ. ಕಾಫಿಗೆ ನಾವು ಹೂವಿನ ದಿನ ನೋಡುತ್ತೇವಾ, ನೆಟ್ಟ ದಿನ ನೋಡುತ್ತೇವಾ?"

ಕಾಫಿಯಲ್ಲಿ ಎಲ್ಲ ಲೆಕ್ಕವೂ ಹೂಮಳೆಯಿಂದ. ಫೆಬ್ರವರಿ, ಮಾರ್ಚಿನಲ್ಲಿ ಒಂದಿಂಚು ಬಿತ್ತೋ, ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆ ಹೂವಿನ ದಿನ ಮಳೆ ಬಂದರೆ ಹಾಳು, ಆಮೇಲೆ ಕಾಯಿ ಕಚ್ಚಲು ಬೇಕಾದ ಹಿಮ್ಮಳೆ ಬಾರದಿದ್ದರೂ ಹಾಳು. ಇದನ್ನು ಮದುವೆಯಾಗಿ ಬಂದಂದಿನಿಂದ ನೋಡುತ್ತಿದ್ದರೂ ಬೀನ್ಸಿಗೆ ಹೊಂದಿಸಿ ನೋಡುವುದು ನನಗೆ ಹೊಳೆದಿರಲಿಲ್ಲ. ಇಂಗ್ಲೆಂಡಿನವರ ಲೆಕ್ಕವನ್ನು ಈಗ ಮತ್ತೆ ಓದಿದರೆ ಅದೂ ತಾರೀಖಲ್ಲ, ಎಣಿಕೆ. ಕೊನೆಯ ಹಿಮದ ದಿನ ಹಿಡಿದು ಮೂರು ನಾಲ್ಕು ವಾರ ಹಿಂದಕ್ಕೆ ಎಣಿಸಿ ಕುಂಡದಲ್ಲಿ ಬಿತ್ತು ಅಂತ. ನೆಲ 10–12 ಡಿಗ್ರಿಯಾದರೂ ಬೆಚ್ಚಗಾಗದೆ ಕಾಳು ಮೊಳೆಯದೆ ಕೊಳೆಯುತ್ತದೆ, ಅದಕ್ಕೆ ಕುಂಡ, ಅದಕ್ಕೆ ಕಿಟಕಿ ಪಕ್ಕ. ಮಡಿಕೇರಿಯ ಚಳಿಗಾಲದ ರಾತ್ರಿಯಲ್ಲೂ ನಮ್ಮ ಮಣ್ಣಿಗೆ ಆ ಕಷ್ಟವಿಲ್ಲ. ಅವರ ಎಣಿಕೆ ಇಟ್ಟುಕೊಂಡು ಹಿಮ ಅಂತ ಇರುವಲ್ಲಿ ಮಳೆ ಅಂತ ಓದಿಕೊಳ್ಳಬೇಕಿತ್ತು. ಅತ್ತೆ ಅಡುಗೆಮನೆಯಿಂದ ಹೇಳಿದ್ದು ಇದನ್ನೇ.

ಹಾಗಾದರೆ ಹೂ ಯಾವಾಗ ಬರಬೇಕು? ಜುಲೈ ಮಳೆ ಇರಬಾರದು, ಏಪ್ರಿಲ್ ಬಿಸಿಲು ಇರಬಾರದು. ನಮ್ಮ ಹಿತ್ತಲಿಗೆ ಉಳಿಯುವುದು ಅಕ್ಟೋಬರ್ ಮಧ್ಯದಿಂದ ಡಿಸೆಂಬರ್. ಹಗಲು ಎಳೆ ಬಿಸಿಲು, ರಾತ್ರಿ ತಂಪು, ಬೆಳಗ್ಗೆ ಇಬ್ಬನಿ. ಬಿತ್ತಿದ ಮೇಲೆ ಹೂವಿಗೆ ಸುಮಾರು ಎಂಟು ವಾರ. ಹಿಂದಕ್ಕೆ ಎಣಿಸಿದರೆ ಆಗಸ್ಟ್ ಮೂರನೇ ವಾರ, ಮಖೆ ಮಳೆ. ಆಗ ನೆಲಕ್ಕೆ ಊರಿದರೆ ಕೊಳೆಯುತ್ತದೆ, ಆದ್ದರಿಂದ ತೊಟ್ಟೆಯಲ್ಲಿ, ಮಾಡಿನ, ಅಂದರೆ ಮನೆಯ ಸೂರಿನ, ಕೆಳಗೆ. ಮೂರು ವಾರಕ್ಕೆ ಕೈಲ್‌ಪೊಳ್ದ್ ಅನ್ನುವ ಆಯುಧಪೂಜೆಯ ಹಬ್ಬ ಕಳೆದಿರುತ್ತದೆ, ಗದ್ದೆ ನಾಟಿ ಮುಗಿದು ಊರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡಿರುತ್ತದೆ, ಮಳೆಯೂ ಬಿಟ್ಟು ಬಿಟ್ಟು ಬರತೊಡಗಿರುತ್ತದೆ. ಆಗ ನೆಲಕ್ಕೆ.

2023ರಲ್ಲಿ ಹಾಗೇ ಮಾಡಿದೆ, ಹಾಗೇ ಆಯಿತು. ಅಕ್ಟೋಬರ್ ಕೊನೆಗೆ ಬೇಲಿ ಕೆಂಪಾಯಿತು. ಕಪ್ಪು ದುಂಬಿ ಬಂತು, ತುಡುವೆ ಬಂತು, ಸೂರಕ್ಕಿಯೂ ಬಂದು ಹೂವಿಗೆ ಕೊಕ್ಕು ಇಟ್ಟಿತು. ಇದರ ತವರಿನಲ್ಲಿ ಝೇಂಕಾರದ ಹಕ್ಕಿಗಳು ಈ ಹೂವಿಗೆ ಬರುತ್ತವಂತೆ, ನಮ್ಮಲ್ಲಿ ಆ ಕೆಲಸಕ್ಕೆ ಸೂರಕ್ಕಿ ತಾನಾಗಿ ಸೇರಿಕೊಂಡಿದೆ. ಸುಗ್ಗಿ ಹಬ್ಬ ಪುತ್ತರಿಗೆ ಬಂದ ನೆಂಟರಿಗೆಲ್ಲ ಪಲ್ಯ ಬಡಿಸಿದೆ. ಕಂಡುಹಿಡಿದೆ ಅಂತ ಬೀಗಿದೆ.

ಬೀಗುವಂಥದ್ದೇನೂ ಇರಲಿಲ್ಲ. 2023ರ ಆಗಸ್ಟ್ 1901ರಿಂದೀಚೆಗೆ ದೇಶಕ್ಕೇ ಅತಿ ಒಣ ಆಗಸ್ಟ್ ಅಂತ ಹವಾಮಾನ ಇಲಾಖೆ ಹೇಳಿತ್ತು. ಆ ತಿಂಗಳು ಏನು ಮಾಡಿದ್ದರೂ ಆಗುತ್ತಿತ್ತು. ಮರುವರ್ಷ ಅದೇ ತಾರೀಖಿಗೆ ಬಿತ್ತಿ, ಅದೇ ತಾರೀಖಿಗೆ ನೆಟ್ಟೆ. ನೆಟ್ಟ ಮೂರನೇ ದಿನ ಹಿಡಿದ ಮಳೆ ಆರು ದಿನ ಬಿಡಲಿಲ್ಲ. ಅರ್ಧಕ್ಕರ್ಧ ಸಸಿ ಬುಡ ಕೊಳೆತು ಬಿದ್ದವು.

ಪುಸ್ತಕ ಹಿಡಿದು ಕೂತದ್ದು ಆಗ. ಅಜ್ಜನ ಮನೆಯ ಜಗಲಿಯಲ್ಲಿ ಎರಡು ಮಧ್ಯಾಹ್ನ. ಹಳೆಯ ಪುಟಗಳಲ್ಲಿ ಸೆಪ್ಟೆಂಬರ್ ಸಾಲುಗಳನ್ನಷ್ಟೇ ನೋಡುತ್ತ ಹೋದೆ. ಒಂದು ವರ್ಷ ತಿಂಗಳ ಮೊದಲಿನ ಹುಬ್ಬೆ ಮಳೆಗೇ ಡಬ್ಬಿ ಖಾಲಿ, ಇನ್ನೊಂದು ವರ್ಷ ತಿಂಗಳ ಕೊನೆಯ ಹಸ್ತದವರೆಗೂ ತುಂಬಿದೆ. ಯಾವ ಎರಡು ವರ್ಷವೂ ಹೊಂದುವುದಿಲ್ಲ. 2018ರ ಆಗಸ್ಟ್ ಪುಟದಲ್ಲಿ ತಿಂಗಳ ನಡುವಿನಿಂದ ಸಾಲುಗಳು ಖಾಲಿ ಇವೆ. ಯಾಕೆ ಅಂತ ಕೇಳಲಿಲ್ಲ. ಮಕ್ಕಂದೂರಿನ ಸುತ್ತ ಗುಡ್ಡಗಳು ಜಾರಿದ ವಾರ ಅದು, ಬೆಳಗ್ಗೆ ಎಂಟಕ್ಕೆ ಡಬ್ಬಿ ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜ ಆ ಪುಟ ಬಂದಾಗ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಮಗುಚಿದೆ.

ಕೊನೆಗೆ ನಾವಿಬ್ಬರೂ ಸೇರಿ ಮಾಡಿಕೊಂಡ ಲೆಕ್ಕ ಇಷ್ಟು. ಬಿತ್ತುವುದಕ್ಕೆ ಮಖೆಯ ಆಸುಪಾಸು, ಅದು ಹೆಚ್ಚುಕಡಿಮೆ ಗಟ್ಟಿ. ನೆಡುವುದಕ್ಕೆ ದಿನವಿಲ್ಲ, ಗುರುತು ಇದೆ. ಸತತ ನಾಲ್ಕು ಬೆಳಗ್ಗೆ ಡಬ್ಬಿಯಲ್ಲಿ ಅರ್ಧ ಇಂಚಿಗಿಂತ ಕಡಿಮೆ ಇದ್ದರೆ, ಮಧ್ಯಾಹ್ನ ಹೊತ್ತಿಗೆ ಪಾತಿಯ ಮೇಲ್ಮಣ್ಣು ಕೈಗೆ ಅಂಟದೆ ಉದುರಿದರೆ, ನೆಡು. ಇಲ್ಲದಿದ್ದರೆ ಕಾದಿರು. ಕಾಯುವುದಕ್ಕೂ ಮಿತಿಯಿದೆ. ನಾಲ್ಕು ವಾರ ದಾಟಿದರೆ ತಾಯಿಬೇರು ತೊಟ್ಟೆಯ ತಳದಲ್ಲಿ ಸುತ್ತಿಕೊಳ್ಳುತ್ತದೆ, ಬಳ್ಳಿಗಳು ಒಂದನ್ನೊಂದು ತಬ್ಬಿಕೊಂಡು ಬಿಡಿಸಲು ಹೋದರೆ ಮುರಿಯುತ್ತವೆ. ಹಾಗಾಗಿ ಎರಡು ತಂಡ ಬಿತ್ತುತ್ತೇನೆ, ಹತ್ತು ದಿನದ ಅಂತರದಲ್ಲಿ. ಒಂದಕ್ಕೆ ಮಳೆ ಕೈ ಕೊಟ್ಟರೆ ಇನ್ನೊಂದು ಇದೆ.

ಹೊರಗಿನ ಗಾಳಿಗೆ ಸಸಿಯನ್ನು ಹದ ಮಾಡುವುದರ ಬಗ್ಗೆಯೂ ಪೊಟ್ಟಣದಲ್ಲಿ ಬರೆದಿತ್ತು: ಹಗಲು ಹೊರಗಿಡಿ, ರಾತ್ರಿ ಚಳಿಗೆ ಒಳಗೆ ತನ್ನಿ, ವಾರ ಹತ್ತು ದಿನ. ನಮ್ಮಲ್ಲಿ ರಾತ್ರಿಯ ಚಳಿ ಏನೂ ಮಾಡುವುದಿಲ್ಲ. ಮೂರು ವಾರ ಮಾಡಿನ ನೆರಳಲ್ಲಿ ಬಿಳಿಚಿಕೊಂಡ ಸಸಿಗೆ ಮಳೆ ಬಿಟ್ಟ ಮಧ್ಯಾಹ್ನದ ಬಿಸಿಲೇ ಹೊಡೆತ. ಆ ಬಿಸಿಲು ಎಷ್ಟು ಚುರುಕು ಅಂತ ಇಲ್ಲಿಯವರಿಗೆ ಗೊತ್ತು. ಕಾಫಿ ನರ್ಸರಿಯಲ್ಲಿ ಚಪ್ಪರದ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ತೆಗೆಯುವ ಹಾಗೆ ತೊಟ್ಟೆಗಳನ್ನು ದಿನಕ್ಕೆ ಒಂದಡಿ ಹೊರಗೆ ಸರಿಸುತ್ತೇನೆ, ಮಾಡಿನ ನೀರು ಬೀಳುವ ಗೆರೆಯವರೆಗೆ. ಆ ಗೆರೆ ದಾಟಿಸುವುದು ನೆಡುವ ದಿನವೇ. ಸಂಜೆ ನಾಲ್ಕರ ಮೇಲೆ ನೆಡುವುದು, ಮೋಡ ಇದ್ದರೆ ಇನ್ನೂ ಒಳ್ಳೆಯದು. ಪಾತಿ ಒಂದಡಿ ಎತ್ತರ, ಇಳಿಜಾರಿಗೆ ಅಡ್ಡಡ್ಡ, ನೀರು ನಿಲ್ಲದ ಹಾಗೆ ಪಕ್ಕದಲ್ಲಿ ಚರಂಡಿ. ಗಿಡದಿಂದ ಗಿಡಕ್ಕೆ ಒಂದು ಗೇಣು. ಬಳ್ಳಿ ಗೂಟದ ತುದಿ ಮುಟ್ಟಿದ ದಿನ ಕುಡಿ ಚಿವುಟುತ್ತೇನೆ, ಕವಲೊಡೆಯಲಿ ಅಂತ.

ಇದು ಮಕ್ಕಂದೂರು ಕಡೆಯ ಲೆಕ್ಕ, ಕೊಡಗಿನದಲ್ಲ. ಭಾಗಮಂಡಲದವರು ಇನ್ನೂ ಹದಿನೈದು ದಿನ ಕಾಯಬೇಕಾಗಬಹುದು. ಕುಶಾಲನಗರದ ನನ್ನ ಓರಗಿತ್ತಿಗೆ ಈ ತೊಟ್ಟೆ, ಮಾಡು ಏನೂ ಬೇಡ, ಮಳೆ ಅಲ್ಲಿಗೆ ಹೋಗುವಷ್ಟರಲ್ಲಿ ಸುಸ್ತಾಗಿರುತ್ತದೆ. ಅವಳ ಕಷ್ಟ ಬಿಸಿಲು. ಒಂದೇ ಜಿಲ್ಲೆ, ಒಂದು ಗಂಟೆಯ ದಾರಿ.

ಕಾಲ ಸರಿಯಾಗಿ ಕೂತ ಮೇಲೆ ಬೇರೆ ತೊಂದರೆ ಶುರುವಾಯಿತು, ಅದನ್ನು ಯಾವ ಪೊಟ್ಟಣವೂ ಹೇಳುವುದಿಲ್ಲ. ಕಾಯಿ ಬರುವುದು ನವೆಂಬರ್, ಡಿಸೆಂಬರಿಗೆ. ಅದೇ ಹೊತ್ತಿಗೆ ಅರೇಬಿಕಾ ಹಣ್ಣಾಗಿರುತ್ತದೆ. ಮನೆಮಂದಿಯೆಲ್ಲ ಕುಯ್ಲಿನಲ್ಲಿ, ಕಣದಲ್ಲಿ. ರನ್ನರ್ ಬೀನ್ಸ್ ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಮುನಿಸಿಕೊಳ್ಳುತ್ತದೆ. ಬಲಿತ ಕಾಯಿ ಬಳ್ಳಿಯಲ್ಲೇ ಉಳಿದರೆ ಹೊಸ ಹೂ ಕಡಿಮೆಯಾಗುತ್ತದೆ. ಸಂಜೆ ಕಾಫಿ ಅಳೆದು ಮುಗಿಸಿ, ತಲೆಗೆ ಟಾರ್ಚು ಕಟ್ಟಿಕೊಂಡು ಬೀನ್ಸ್ ಕಿತ್ತದ್ದಿದೆ. ಇವರು ಜಗಲಿಯಿಂದ, "ಆನೆ ಬಂದ್ರೆ ಅದಕ್ಕೂ ಸ್ವಲ್ಪ ಪಲ್ಯ ಕೊಡು" ಅಂತ ಕೂಗಿದರು. ಆನೆ ನಿಜವಾಗಿ ಬರುವ ಊರಿನಲ್ಲಿ ಇದು ತಮಾಷೆಯಲ್ಲ ಅಂತ ಅತ್ತೆ ಬೈದರು.

ಇದರ ಬೇರು ಗೆಡ್ಡೆಯಂತೆ ದಪ್ಪವಾಗುತ್ತದೆ, ಚಳಿ ಕೊಲ್ಲದ ಕಡೆ ವರ್ಷಗಟ್ಟಲೆ ಬದುಕುತ್ತದೆ ಅಂತ ಓದಿದ್ದೆ. ಇಂಗ್ಲೆಂಡಿನಲ್ಲಿ ಹಿಮ ಅದನ್ನು ಕೊಲ್ಲುತ್ತದೆ, ನಮ್ಮ ಪಾತಿಯಲ್ಲಿ ಜೂನ್ ಕೊಲ್ಲುತ್ತದೆ. ಆದರೆ ಕಳೆದ ಸಲ ಮಾಡಿನಡಿಯ ಒಣಜಾಗದಲ್ಲಿ ಒಂದು ಒಡೆದ ಬಕೆಟ್‌ನಲ್ಲಿ ಮರೆತಿದ್ದ ಗಿಡ ಮಾರ್ಚಿನ ಹೂಮಳೆ ಬಿದ್ದ ವಾರದಲ್ಲೇ ಚಿಗುರಿತು. ಮಣ್ಣು ಕೆದಕಿ ನೋಡಿದೆ, ಮಗುವಿನ ಮುಷ್ಟಿಯಷ್ಟು ಗೆಡ್ಡೆ. ಅದನ್ನು ಈಗ ದೊಡ್ಡ ಡ್ರಮ್ಮಿಗೆ ಸಾಗಿಸಿದ್ದೇನೆ. ಬದುಕಿದರೆ ಬಿತ್ತುವ ಗೋಜೇ ಇಲ್ಲ, ನೋಡೋಣ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಬೇಸಿಗೆಯದ್ದೆಂದು ಆಸೆಗೆ ಹಾಕಿದ್ದ ನಾಲ್ಕು ಬಳ್ಳಿ ಹೂವಿನ ಸಮೇತ ಹೋದವು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆಗಸ್ಟಿನ ತಂಡಕ್ಕೆ ಕಾಳು ಎತ್ತಿಟ್ಟಿದ್ದೆ. ಈ ಸಲ ಕಾಳು ಊರಿದ್ದು ಅತ್ತೆ. ಎಷ್ಟು ಆಳ ಅಂತ ಕೇಳಲಿಲ್ಲ, ತೋರುಬೆರಳಿನ ಎರಡು ಗೆಣ್ಣು ಒತ್ತಿ ಒಂದೊಂದೇ ಹಾಕುತ್ತ ಹೋದರು. ಯಾವಾಗ ಹೊರಗೆ ನೆಡಬೇಕು ಅಂತ ನಾನು ಬೇಕೆಂದೇ ಕೇಳಿದೆ. "ಮಂಜು ಕಳೀಲಿ" ಅಂದರು, ತಲೆಯೆತ್ತದೆ.

ಗೂಟ ಈಗ ಒಣಗಿದ್ದನ್ನೇ ಹಾಕುವುದು. ಮೊದಲ ವರ್ಷದ ಹನ್ನೊಂದು ಹಾಲುವಾಣದ ಗೂಟಗಳಲ್ಲಿ ಎಂಟನ್ನು ಕಿತ್ತು ತೋಟದ ಖಾಲಿ ಜಾಗಕ್ಕೆ ನೆಟ್ಟೆವು. ಮೂರು ಹಿತ್ತಲಲ್ಲೇ ಇವೆ, ಮಾಡಿಗಿಂತ ಎತ್ತರ ಬೆಳೆದಿವೆ. ಕೆಲಸದ ಅಕ್ಕ ಯಾರಿಗೂ ಹೇಳದೆ ಪ್ರತಿಯೊಂದರ ಬುಡಕ್ಕೂ ಕರಿಮೆಣಸಿನ ಬಳ್ಳಿ ಊರಿದ್ದಳು. ಹೋದ ವರ್ಷ ಅದರಲ್ಲಿ ಮೊದಲ ಬಾರಿಗೆ ಗೆರೆ, ಅಂದರೆ ಮೆಣಸಿನ ತೆನೆ, ಬಿಟ್ಟಿತು. ಒಣಗಿಸಿ ತೂಗಿದಾಗ ಮುಕ್ಕಾಲು ಕೆ.ಜಿ. ಬಂತು.